ತೆಳ್ಳಗಿನ ಪುಸ್ತಕ ಸಾಕು ಅಂದ್ರಿ

ಅದಲ್ಲ ಯಜಮಾನ್ರೇ, ದಪ್ಪ ಕಾನೂನು ಪುಸ್ತಕ. ವಕೀಲರು ಒಯ್ತಾರಲ್ಲ, ಅದು. ಯಾಕೆ ನಗ್ತೀರಿ? ಹೋದ ಸಲ ನಿಮ್ಮ ಅಂಗಡಿಗೆ ಬಂದಾಗ್ಲೂ ಹೀಗೇ ನಕ್ಕಿದ್ರಿ. ‘ಅದು ವಕೀಲರಿಗಮ್ಮ, ನಿಮಗೆ ಈ ತೆಳ್ಳಂದು ಸಾಕು, ಕಥೆ ಥರ ಓದಿಸ್ಕೊಂಡು ಹೋಗುತ್ತೆ’ ಅಂದ್ರಿ. ಹೋಯ್ತು. ನನ್ನ ತಂಗೀನ ಪೊಲೀಸ್ ಸ್ಟೇಷನ್ನಿಗೇ ಕರ್ಕೊಂಡು ಹೋಯ್ತು.

ನಾನು ಕೂರಲ್ಲ. ನೀವು ಕೂತ್ಕೊಳ್ಳಿ. ಆ ದಪ್ಪ ಪುಸ್ತಕ ಎತ್ತಿ ನಿಮ್ಮ ತಲೆ ಮೇಲೇ ಹಾಕ್ಬೇಕು ಅನ್ನಿಸ್ತಿದೆ.

ನಮ್ಮ ಇಸ್ತ್ರಿ ಅಂಗಡಿ ಗೊತ್ತಲ್ಲ, ನಿಮ್ಮ ಶರಟೂ ಅಲ್ಲಿಗೇ ಬರುತ್ತೆ. ತಂಗಿ ಗಂಡ ಅಲ್ಲಿಗೇ ಬಂದು ಅವಳನ್ನ ಬಡೀತಿದ್ದ. ಹಲ್ಲು ಉದುರಿಸಿದ. ಕೈ ಮುರಿದ. ನಾನು ನಿಮ್ಮ ಪುಸ್ತಕ ಮೇಜಿನ ಮೇಲಿಟ್ಟು ಅವಳಿಗೆ ಓದಿ ಹೇಳ್ದೆ... ಜೀವಕ್ಕೆ ಅಪಾಯ ಬಂದ್ರೆ ತಿರುಗಿ ಹೊಡೆಯೋ ಹಕ್ಕು ಎಲ್ಲರಿಗೂ ಇದೆ. ಅಷ್ಟೇ. ಒಂದೇ ಸಾಲು. ಪಕ್ಕದಲ್ಲಿ ಮುಷ್ಟಿ ಬಿಗಿದ ಹೆಂಗಸಿನ ಚಿತ್ರ. ಬಾಯಿಪಾಠ ಮಾಡಿಸ್ದೆ ರೀ, ಬಾಯಿಪಾಠ.

ನಿನ್ನೆ ಕುತ್ತಿಗೆ ಹಿಸುಕಿದ. ಅವಳ ನಾಲಿಗೆ ಆಚೆ ಬಂತು. ಕೈಗೆ ಕಾದ ಇಸ್ತ್ರಿ ಪೆಟ್ಟಿಗೆ ಸಿಕ್ತು, ಬೀಸಿದ್ಲು. ಕೆನ್ನೆ ಸುಟ್ಟ ವಾಸನೆ... ಬಿದ್ದ. ಸತ್ತ. ತಪ್ಪಾ ಅದು?

ಅಲ್ಲ ತಾನೇ? ನೀವೇ ತಲೆ ಅಲ್ಲಾಡಿಸಿದ್ರಿ. ಹಾಗಾದ್ರೆ ತೆಗೀರಿ ಆ ಪುಟ. ಇನ್ಸ್‌ಪೆಕ್ಟರ್ ಮುಖಕ್ಕೆ ಹಿಡೀತೀನಿ. ಎಲ್ಲಿ... ಇಲ್ಲೀನಾ? ಬೆರಳು ತೆಗೀರಿ, ಓದಕ್ಕೆ ಬರುತ್ತೆ ನಂಗೆ. ‘ಅಪಾಯದ ಭಯ ಇರುವವರೆಗೆ ಮಾತ್ರ.’ ಮಾತ್ರ ಅಂದ್ರೆ? ಬಿದ್ದ ತಕ್ಷಣ ಹಕ್ಕು ಮುಗಿದು ಹೋಯ್ತಾ? ನಮ್ಮ ಪುಸ್ತಕದಲ್ಲಿ ಇದು ಇರ್ಲೇ ಇಲ್ವಲ್ಲ.

ಬಿದ್ದವನು ಏಳಲ್ಲ ಅಂತ ಯಾರು ಕಂಡ್ರು? ಕಣ್ಣು ಬಿಟ್ಟೇ ಇತ್ತು. ಅಂಗೈ ಅಡ್ಡ ಹಿಡ್ಕೊಂಡು ‘ಬೇಡ ಅಕ್ಕಾ, ಬೇಡ ಅಕ್ಕಾ’ ಅಂದ್ರೆ ಆಗ್ಹೋಯ್ತಾ? ನಾಳೆ ಮತ್ತೆ ಬರ್ತಿರ್ಲಿಲ್ವಾ ಅವನು?

ಯಾಕೆ ಪುಸ್ತಕ ಮುಚ್ಚಿದ್ರಿ?

ಬೈರಿ ಬೇಕಾದ್ರೆ... ಹಾಗೆ ನೋಡ್ಬೇಡಿ ನನ್ನ.

ಹೌದು. ಹೆಂಡ್ತೀನ ಯಾರೂ ಅಕ್ಕ ಅನ್ನಲ್ಲ.

ಅವಳು ಹೊಡೆದಿದ್ದು ಒಂದೇ ಏಟು ಯಜಮಾನ್ರೇ. ಎಲ್ಲಾ ಏಟೂ ನಂದೇ ಅಂತ ಅಲ್ಲಿ ಸ್ಟೇಷನ್ನಲ್ಲಿ ಹೇಳ್ತಾ ಕೂತಿದ್ದಾಳೆ. ನಾನಿಲ್ಲಿ ಪುಸ್ತಕ ಆರಿಸ್ತಾ ನಿಂತಿದ್ದೀನಿ.