ಅಪ್ಪ ಕಂಬಳಿ ಒಗೆದರು

ವೇದಿಕೆಯ ಮೇಲಿರುವ ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಇಂದ್ರಾಬಾಯಿಯವರೇ, ಬಿಡುವು ಮಾಡಿಕೊಂಡು ಬಂದಿರುವ ಡಾಕ್ಟರ್ ಜಾಸ್ಮಿನ ಮೇಡಂ ಅವರೇ, ಇಂದು ಸನ್ಮಾನ ಪಡೆಯಲಿರುವ ನನ್ನ ಅಪ್ಪ ಮಾಳಿಂಗರಾಯರೇ, ದೇವಣಗಾಂವದ ಹಿರಿಯರೇ, ನನ್ನೊಂದಿಗೆ ಕೌದಿ ಹೊಲಿಯುವ ಅಕ್ಕಂದಿರೇ, ಸಭಿಕರೇ,

ಅಪ್ಪನನ್ನು ಹೀಗೆ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ನೋಡಿ, ಅವರಿಗೂ ನಗು ಬಂದಿದೆ. ಬೀಡಿ ಬಿಟ್ಟದ್ದಕ್ಕಾಗಿ ಸಂಘ ಅವರಿಗೆ ಶಾಲು ಹೊದಿಸುತ್ತಿದೆ. ಅವರ ಪರಿಚಯ ಮಾಡಿಕೊಡುವ ಕೆಲಸ ನನಗೆ ಬಿದ್ದಿದೆ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು, ಮಂದಿಯ ಮುಂದೆ ಮಾತಾಡಲು ಹೆದರುವವಳು. 'ನಾ ಒಲ್ಲೆರಿ' ಎಂದೆ. ಇಂದ್ರಾಬಾಯಿಯವರು, 'ಇಡೀ ಓಣಿಗೆ ಕೇಳುವಂಗ ಕೆಮ್ಮತಿದ್ದೆಲ್ಲ ಭುವನಾ, ಆಗ ಬರಲಾರದ ನಾಚಿಕಿ ಈಗ ಎಲ್ಲಿಂದ ಬಂತ?' ಎಂದರು. ಅದಕ್ಕೇ ಬಂದು ನಿಂತಿದ್ದೇನೆ.

ನನ್ನ ಕೆಮ್ಮು ನಿಮಗೆಲ್ಲ ಗೊತ್ತು. ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಇದಿದ್ದವರ ಎದೆಯಲ್ಲಿ ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಬೆವರು ವಿಪರೀತ ಉಪ್ಪಾಗಿರುತ್ತದೆ. ನಾನು ಕೂಸಾಗಿದ್ದಾಗ ಅವ್ವ ಮುತ್ತು ಕೊಟ್ಟು, 'ನಾ ಉಪ್ಪಿನಕಾಯಿ ಹಡದೇನಿ ನೋಡ್ರಿ' ಎಂದು ನಗುತ್ತಿದ್ದಳಂತೆ. ವಿಜಯಪುರದ ಡಾಕ್ಟರರು ಹೆಸರು ಹೇಳಿದ ಮೇಲೆ ಆ ನಗು ನಿಂತಿತು. ಇದು ತಂದೆ ತಾಯಿ ಇಬ್ಬರಿಂದಲೂ ಹುಟ್ಟುತ್ತಲೇ ಬರುವಂಥದ್ದು, ಯಾರ ತಪ್ಪೂ ಅಲ್ಲ ಎಂದರು ಅವರು. 'ಆದರ ಬೀಡಿ ಹೊಗಿ ಈ ಕೂಸಿನ ಹತ್ರ ಬರಬಾರದು. ಇದ್ದಷ್ಟು ಉಸಿರೂ ಕಡಿಮಿ ಆಗತೈತಿ' ಎಂದರು.

ಅಂದಿನಿಂದ ಅಪ್ಪ ಮನೆಯೊಳಗೆ ಬೀಡಿ ಹಚ್ಚಲಿಲ್ಲ. ಮಳೆಯಿರಲಿ, ಚಳಿಯಿರಲಿ, ಕುರಿದೊಡ್ಡಿಗೆ ಹೋಗಿಯೇ ಸೇದುತ್ತಿದ್ದರು. ಆದರೂ ನನ್ನ ಕೆಮ್ಮು ಯಾಕೆ ನಿಲ್ಲಲಿಲ್ಲ? ಕೇಳಿ. ಸೇದುವಾಗ ಅವರು ಕಂಬಳಿ ಹೊದ್ದಿರುತ್ತಿದ್ದರು. ಒಳಗೆ ಬಂದು ಅದೇ ಕಂಬಳಿಯನ್ನು ನನಗೆ ಹೊದಿಸುತ್ತಿದ್ದರು. ನಾನು ಕೆಮ್ಮುತ್ತಿದ್ದೆ. 'ಕೂಸಿಗೆ ಥಂಡಿ ಹತ್ತೇತಿ' ಎಂದು ಕಿವಿಯವರೆಗೆ ಎಳೆಯುತ್ತಿದ್ದರು. ಇನ್ನೂ ಕೆಮ್ಮುತ್ತಿದ್ದೆ. ಆಗ ತಲೆಯ ಮೇಲೂ ಎಳೆಯುತ್ತಿದ್ದರು! ಇಷ್ಟು ಪ್ರೀತಿಯಿಂದ ಮಗಳನ್ನು ಕೆಮ್ಮಿಸಿದ ತಂದೆ ಬೇರೆ ಯಾರಾದರೂ ಇದ್ದಾರೆಯೇ?

ವರ್ಷಗಟ್ಟಲೆ ಹೀಗೇ ನಡೆಯಿತು. ಹೋದ ಚಳಿಗಾಲದಲ್ಲಿ ಅಪ್ಪನ ತಾಯಿ, ನಮ್ಮ ಆಯಿ ಸಿದ್ದಲಿಂಗವ್ವ, ಆ ಕಂಬಳಿಯನ್ನು ಮೂಗಿಗೆ ಹಿಡಿದಳು.

'ಏ ಮಾಳ್ಯಾ, ಕೂಸಿಗೆ ಕಂಬಳಿ ಹೊಚ್ಚಾಕತ್ತೀಯೋ, ಹೊಗಿ ಹೊಚ್ಚಾಕತ್ತೀಯೋ?'

'ನಾ ಹೊರಗ ಸೇದತೇನಲ್ಲಬೇ.'

'ನೀ ಹೊರಗ ಸೇದತಿ. ಹೊಗಿ ನಿನ್ನ ಬೆನ್ನ ಹತ್ತಿ ಒಳಗ ಬರತೈತಿ. ಅದಕ್ಕೂ ಮನಿ ಗೊತ್ತಾಗೇತಿ!'

ಕುರಿ ಕಾಯುವ ನಮ್ಮ ಮನೆಯಲ್ಲಿ ಕಂಬಳಿ ಎಂದರೆ ದೇವರು. ಅದನ್ನು ಹಾಸಿ ಪೂಜೆ ಮಾಡುತ್ತೇವೆ, ಹಾಸಿ ಬೀಗರನ್ನು ಕೂರಿಸುತ್ತೇವೆ. ಒಗೆಯುವುದು ಎಂಬ ಮಾತೇ ಇಲ್ಲ. ಅಪ್ಪ ಮರುದಿನ ಅದನ್ನು ಹೊಳೆಗೆ ಒಯ್ದು ಒಗೆದರು. ಯಲ್ಲಾಲಿಂಗ ಕಾಕಾ ನೋಡಿ, 'ಮಾಳಿಂಗಣ್ಣ, ಕಂಬಳಿ ಒಗಿಯಾಕತ್ತೀಯೋ, ಎಮ್ಮಿ ಮೈ ತೊಳಿಯಾಕತ್ತೀಯೋ?' ಎಂದರು. ನೀರು ಕುಡಿದ ಕಂಬಳಿಯನ್ನು ಮೇಲೆತ್ತಲು ಅವರೇ ಒಂದು ತುದಿ ಹಿಡಿಯಬೇಕಾಯಿತು.

ಒಣಗಿದ ಮೇಲೂ ವಾಸನೆ ಹೋಗಲಿಲ್ಲ. ಅಪ್ಪ ಅವ್ವನಿಗೆ, 'ರೋಗ ನಮ್ಮಿಂದ ಬಂದದ್ದು, ಹಿಂದಕ ತಗೊಳಾಕ ಬರಂಗಿಲ್ಲ. ಹೊಗಿ ಅಷ್ಟ ನನ್ನ ಕೈಯಾಗ ಐತಿ' ಎಂದರು. ಬೀಡಿ ಬಿಟ್ಟರು.

ರೋಗ ಹೋಗಿಲ್ಲ, ಸಭಿಕರೇ. ಮಾತ್ರೆಗಳಿವೆ. ಕಫ ಬಿಡಲೆಂದು ಅವ್ವ ಈಗಲೂ ದಿನ ಬೆಳಿಗ್ಗೆ ನನ್ನ ಬೆನ್ನು ತಟ್ಟುತ್ತಾಳೆ. ಆದರೆ ಈಗ ನಿದ್ದೆ ಬರುತ್ತದೆ. ಕೌದಿಯ ಒಂದು ಅಂಚನ್ನು ನಡುವೆ ಏಳದೆ ಹೊಲಿಯುತ್ತೇನೆ. ಜಗಳವನ್ನೂ ಪೂರ್ತಿ ಆಡುತ್ತೇನೆ. ಮೊದಲು ಅರ್ಧಕ್ಕೇ ಕೆಮ್ಮು ಬಂದು ತಮ್ಮ ಅಮಿತ ಗೆದ್ದುಬಿಡುತ್ತಿದ್ದ.

ಅಂದಿನಿಂದ ಅಪ್ಪ ಬೀಡಿ ಮುಟ್ಟಿಲ್ಲ. ಸೋಮನಿಂಗ ಮಾವನ ಮನೆಯ ನಿಶ್ಚಿತಾರ್ಥದ ದಿನ ಒಂದು ಬಿಟ್ಟರೆ...

ಅಯ್ಯೋ. ಇದನ್ನು ಹೇಳುವುದಿರಲಿಲ್ಲ. ಅಪ್ಪ ತಲೆ ತಗ್ಗಿಸಿದರು. ಇಂದ್ರಾಬಾಯಿಯವರು ಬಿಚ್ಚಿದ ಶಾಲನ್ನು ಮತ್ತೆ ಮಡಚುತ್ತಿದ್ದಾರೆ. ಬಾಯಿಂದ ಬಿದ್ದದ್ದನ್ನು ಪೂರ್ತಿ ಹೇಳಿಬಿಡುತ್ತೇನೆ.

ಅಂದು ಗಂಡಿನ ಕಡೆಯವರ ತಟ್ಟೆ ಹಿರಿಯರ ಮುಂದೆ ಬಂತು. ಎಲೆ, ಅಡಿಕೆ, ಸುಣ್ಣ, ಪಕ್ಕದಲ್ಲಿ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ. ನಮ್ಮ ಕಡೆ ಮೊದಲಿನಿಂದ ಬಂದ ಮರ್ಯಾದೆ ಅದು. ಅಪ್ಪ, 'ಬಿಟ್ಟೇನ್ರಿ' ಎಂದು ಕೈ ಮುಗಿದರು. ಬೀಗರಲ್ಲಿ ಒಬ್ಬರು ನಗುತ್ತಲೇ, 'ನಮ್ಮ ತಾಟಿಗೆ ಕೈ ಹಚ್ಚಂಗಿಲ್ಲೇನ್ರಿ? ಹಂಗಾರ ಸಂಬಂಧ ಬ್ಯಾಡೇನು?' ಎಂದರು. ಮದುಮಗಳಾಗಿ ಕೂತಿದ್ದ ಮಾವನ ಮಗಳ ಮುಖ ಬಾಡಿತು. ಅಪ್ಪ ಒಂದು ಹಚ್ಚಿದರು. ಊರಿಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅಪ್ಪ ಕೂರಲಿಲ್ಲ. ಸಿಂದಗಿಯಿಂದ ಇಲ್ಲಿಯವರೆಗೆ ಬಾಗಿಲಲ್ಲಿ ನಿಂತೇ ಬಂದರು.

ಅಕ್ಕಂದಿರೇ, ಆ ತಟ್ಟೆಯನ್ನು ಸಿದ್ಧ ಮಾಡುವವರು ಯಾರು? ನಾವೇ ಅಲ್ಲವೇ? ಒಂದೇ ಸಿಳ್ಳೆಗೆ ಇಡೀ ಕುರಿ ಹಿಂಡನ್ನು ನಿಲ್ಲಿಸುವ ಮನುಷ್ಯನಿಗೆ ಬೀಗರ ತಟ್ಟೆಯನ್ನು ನಿಲ್ಲಿಸಲು ಆಗಲಿಲ್ಲ. ನಮ್ಮಿಂದ ಆಗುತ್ತದೆ. ಎಲೆ ಇಡಿ, ಅಡಿಕೆ ಇಡಿ, ಬೇಕಾದರೆ ಒಂದು ಸಿಹಿ ಉಂಡಿಯನ್ನೂ ಇಡಿ. ಬೀಡಿ ಇಡಬೇಡಿ.

ಅಪ್ಪ ಶಾಲು ಬೇಡವೆಂದು ಕೈಸನ್ನೆ ಮಾಡುತ್ತಿದ್ದಾರೆ. ಇಂದ್ರಾಬಾಯಿಯವರೇ, ದಯವಿಟ್ಟು ಶಾಲು ಮಡಚಬೇಡಿ. ಬಸ್ಸಿನ ಬಾಗಿಲಲ್ಲಿ ನಿಂತು ಬಂದ ಆ ಮನುಷ್ಯನಿಗೆ ಅದನ್ನು ಹೊದಿಸಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಇಷ್ಟು ಹೊತ್ತು ಕೈಕೊಡದ ನನ್ನ ಉಸಿರಿಗೂ ಧನ್ಯವಾದಗಳು. ನಮಸ್ಕಾರ.