ಒಂದೇ ಸಲ ಕರೆದ ಹೆಸರು

ಬಾಜು ಮನೆಯ ಲಕ್ಷ್ಮಣಪ್ಪನ ಮಗಳು ಮಲ್ಲಿಕಾಗೆ ಆದದ್ದು ಇದು. ರೋಗದ ಎರಡನೆಯ ವರ್ಷ. ಊರು ಗುಡಗೇರಿಯ ಹತ್ತಿರ.

ಆ ರಾತ್ರಿ ಹುಡುಗಿ ಹಳೇ ಬಾವಿಯ ಕಡೆಯಿಂದ ಒಬ್ಬಳೇ ಬರುತ್ತಿದ್ದಳು. ಬೆಳದಿಂಗಳಿಲ್ಲ. ಕೈಯಲ್ಲಿದ್ದ ಮೊಬೈಲ್ ಚಾರ್ಜ್ ಹೋಗಿ ಸತ್ತಿತ್ತು. ಎರಿಮಣ್ಣಿನ ಒಣ ಹೆಂಟೆಗಳು ಕಾಲಡಿ ಪುಡಿಯಾಗುವ ಸದ್ದು... ಚರಕ್... ಚರಕ್. ಆಲದ ಗಿಡ ದಾಟುವಾಗ ಬೀಸುತ್ತಿದ್ದ ಗಾಳಿ ನಿಂತುಬಿಟ್ಟಿತು. ಅವಳಿಗೆ ಹೆದರಿಕೆ ಇರಲಿಲ್ಲ. ಮೈತುಂಬ ಸಿಟ್ಟಿತ್ತು.

ಹೊತ್ತು ಮುಳುಗಿದ ಮೇಲೆ ಹೆಣ್ಣುಹುಡುಗಿ ಬಾವಿಗೆ ಯಾಕೆ ಹೋಗಿದ್ದಳು ಎಂದು ಊರವರು ಈಗ ಕೇಳುತ್ತಾರೆ. ಆಗ ಯಾರೂ ಕೇಳಲಿಲ್ಲ. ಹುಬ್ಬಳ್ಳಿಯ ಕಾಲೇಜು ಬಾಗಿಲು ಹಾಕಿತ್ತು. ಪಾಠವೆಲ್ಲ ಮೊಬೈಲಿನಲ್ಲಿ. ಊರಿನಲ್ಲಿ ಪಾಠಕ್ಕಾಗುವಷ್ಟು ನೆಟ್‌ವರ್ಕ್ ಸಿಗುವುದು ಆ ಬಾವಿಯ ಕಟ್ಟೆಯ ಮೇಲೆ ಮಾತ್ರ. ಟವರ್ ಹಾಕಿಸುತ್ತೇವೆ ಎಂದವರು ಓಟು ತಗೊಂಡು ಹೋದರು. ಪಾಠ ಹೇಳುವ ಸರ್‌ಗೆ ಹಗಲು ಪುರಸೊತ್ತಿಲ್ಲ. ಅವರ ಪಾಠ ದೀಪ ಹಚ್ಚಿದ ಮೇಲೆ.

ಪಾಠಕ್ಕಿಂತ ಹಾಜರಿ ದೊಡ್ಡದು. "ಒಂದ ಸಲ ಕರೀತೀನಿ. ಉತ್ತರ ಬರಲಿಲ್ಲಂದ್ರ ಆಬ್ಸೆಂಟ್," ಅನ್ನುವರು. ಮಲ್ಲಿಕಾ ಹೇಳಿದ "ಪ್ರೆಸೆಂಟ್ ಸರ್" ತಡೆದು ತಡೆದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಂದಿನ ಹೆಸರು ಬಂದಿರುತ್ತಿತ್ತು. ಆ ಹೆಸರು ನಾಗರತ್ನಾ ಮೈಲಾರಪ್ಪ. ಸಂಶಿಯವಳು, ಮಲ್ಲಿಕಾಳ ಗೆಳತಿ. ಕಾಲೇಜು ನಡೆಯುತ್ತಿದ್ದಾಗ ಇಬ್ಬರೂ ಒಂದೇ ರೈಲಿಗೆ ಹೋಗುತ್ತಿದ್ದರು. ನಾಗರತ್ನಾಳ ದನಿ ಮಾತ್ರ ಕರೆದ ಕೂಡಲೇ ಮುಟ್ಟುತ್ತಿತ್ತು.

"ಎಲ್ಲಿ ಕುಂತೀಯವಾ ನೀ, ಬಾವ್ಯಾಗ?" ಎಂದು ಸರ್ ಒಮ್ಮೆ ಮಲ್ಲಿಕಾಳನ್ನು ಕೇಳಿದರು.

"ಬಾವಿ ಕಟ್ಟಿ ಮ್ಯಾಲ್ರಿ ಸರ್."

ಅದೊಂದು ಮಾತು ಸರಿಯಾಗಿ ಮುಟ್ಟಿತು. ಎಲ್ಲರೂ ನಕ್ಕರು.

ಹಾಜರಿ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಕಡೆಯ ವರ್ಷ. ಇದು ತಪ್ಪಿದರೆ ಓದು ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದ. ತನ್ನ ಹೆಸರು ಹತ್ತಿರ ಬಂದಂತೆ ಅವಳು ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿಯುವಳು. ಮನೆಯಲ್ಲಿ ಯಾರು ಕರೆದರೂ "ಪ್ರೆಸೆಂಟ್ ಸರ್" ಅನ್ನುವಳು. ನಿದ್ದೆಯಲ್ಲಿಯೂ ಅದೇ.

ಅವಳ ಅಜ್ಜಿ, ಆಯಿ ಸಣ್ಣವ್ವ ಬೈದಳು. "ಹೊತ್ತ ಮುಣಗಿದ ಮ್ಯಾಲೆ ಒಂದ ಕೂಗಿಗೆ ಓ ಅನಬ್ಯಾಡ ಅಂತ ಎಷ್ಟ ಸಲ ಹೇಳ್ಲಿ ನಿನಗ? ಮನಷಾರಾದ್ರ ಮೂರ ಸಲ ಕರೀತಾರ. ಮನಷಾರಲ್ಲದ್ದಕ್ಕ ಮೂರನೇ ಸಲ ಕರಿಯಾಕ ಬರಂಗಿಲ್ಲ."

"ನಮ್ಮ ಸರೂ ಒಂದ ಸಲ ಕರೀತಾರ ಆಯಿ."

"ಹಂಗಾರ ಅಂವಾ ಮನಷಾ ಹೌದೋ ಅಲ್ಲೋ, ಮೊದ್ಲ ಅದನ್ನ ನೋಡ."

ಆ ರಾತ್ರಿ ಹಾಜರಿ ಅವಳ ಹೆಸರಿನ ಹತ್ತಿರ ಬಂದಾಗಲೇ ಮೊಬೈಲ್ ಸತ್ತಿತು. ಎದ್ದು ನಡೆದಳು. ಗಿಡ ದಾಟಿದಳು. ಆಗ ಹಿಂದಿನಿಂದ...

"ಮಲ್ಲಿಕಾ ಲಕ್ಷ್ಮಣಪ್ಪ."

ಸಣ್ಣ ದನಿ. ಬೇಸರದ ದನಿ.

"ಪ್ರೆಸೆಂಟ್ ಸರ್," ಅಂದುಬಿಟ್ಟಳು.

ಅಂದ ಮೇಲೆ ಕೈಯಲ್ಲಿದ್ದ ಮೊಬೈಲ್ ನೋಡಿದಳು. ಕಪ್ಪಗೇ ಇತ್ತು.

ಬಾವಿಯಲ್ಲಿ ಏನೋ ಮುಳುಗಿದ ಸದ್ದಾಯಿತು. ಗುಳುಂ...

"ದೇವಕ್ಕ."

"ಹೂಂ..."

"ಅಲ್ಲಾಸಾಬ."

ಕೆಮ್ಮು. ಒದ್ದೆ ಕೆಮ್ಮು. "ಇದ್ದೇನ್ರಿ."

ಇಬ್ಬರೂ ಅದೇ ಊರಿನವರು. ಅದೇ ತಿಂಗಳು ದವಾಖಾನೆಯಲ್ಲಿ ಸತ್ತಿದ್ದರು. ಹೆಣ ಸಹ ಊರಿಗೆ ಬಂದಿರಲಿಲ್ಲ.

ತನ್ನ ಹೆಸರು ಯಾವ ಹಾಜರಿಯಲ್ಲಿ ಬಿತ್ತು ಎಂದು ಮಲ್ಲಿಕಾಗೆ ತಿಳಿಯಿತು. ಕಾಲು ಕೀಳಲು ಬರಲಿಲ್ಲ. ಆದರೆ ಹೊಟ್ಟೆಯೊಳಗಿಂದ ವರ್ಷದ ಸಿಟ್ಟು ಎದ್ದು ಬಂತು. ಕೂಗಲಿಲ್ಲ. ಹಲ್ಲು ಕಚ್ಚಿ, ಸಣ್ಣ ದನಿಯಲ್ಲಿ ಅಂದಳು.

"ದಿನಾ ಕುಂತೀನಿ ಈ ಕಟ್ಟಿ ಮ್ಯಾಲ. ಚಳ್ಯಾಗ ಕುಂತೀನಿ, ಸೊಳ್ಳ್ಯಾಗ ಕುಂತೀನಿ. ಇದ್ದಾಗ ಇಲ್ಲ ಅಂತ ಸರ್ ಬರದ್ರು. ನಾ ಇಲ್ಲದ ಕಡೆ ನೀ ಇದ್ದಾಳ ಅಂತ ಬರಕೋತಿಯೇನ ಲೇ? ಒಂದ ಸಲ ಕರದು? ನಿನ್ನ ಹಾಜರಿಗಿ ಬೆಂಕಿ ಹತ್ತಲಿ. ಹಾಕ ಆಬ್ಸೆಂಟ್."

ಜೀರುಂಡೆಗಳ ಸದ್ದು ನಿಂತಿತು. ಆಮೇಲೆ ಕಿವಿಯ ಬುಡದಲ್ಲಿ...

"ಮಲ್ಲಿಕಾ ಲಕ್ಷ್ಮಣಪ್ಪ."

ನಾಲಿಗೆ ತಾನೇ ಎದ್ದಿತು. ವರ್ಷವಿಡೀ ಕಲಿತ ನಾಲಿಗೆ. ತುಟಿ ಕೂಡಿದವು. "ಪ್ರೆ..." ಎಂಬಷ್ಟು ಉಸಿರು ಹೊರಗೆ ಬಂದೂ ಆಗಿತ್ತು. ಅವಳು ವೇಲ್ ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಮೂರನೆಯ ಕೂಗಿಗೆ ಕಾದಳು.

ಬರಲಿಲ್ಲ.

"ಆಬ್ಸೆಂಟ್," ಎಂದಿತು ದನಿ. ಕಾಗದ ಮಗುಚಿದಂಥ ಸದ್ದು. ಪರ್... "ನಾಗರತ್ನಾ ಮೈಲಾರಪ್ಪ."

ಮಲ್ಲಿಕಾ ಬಾಯಿಯ ಬಟ್ಟೆ ಎಳೆದಳು. ಹಲ್ಲಿಗೆ ಸಿಕ್ಕಿತು. ಮತ್ತೆ ಎಳೆದಳು. "ಅನಬ್ಯಾಡಲೇ ನಾಗೀ..."

"ಪ್ರೆಸೆಂಟ್ ಸರ್."

ಸ್ವಚ್ಛ ದನಿ, ನಾಗರತ್ನಾಳದು. ಮಲ್ಲಿಕಾಳದು ಈ ಸಲವೂ ತಡವಾಯಿತು.

ಕಾಲು ಬಂದವು. ಓಡಿದಳು. ಅಪ್ಪನ ಫೋನ್ ಕಸಿದುಕೊಂಡು ಮಾಳಿಗೆ ಹತ್ತಿದಳು. ಅಲ್ಲಿ ಪಾಠ ಬಾರದಿದ್ದರೂ ಮಾತಾಡುವಷ್ಟು ನೆಟ್‌ವರ್ಕ್ ಸಿಗುತ್ತಿತ್ತು. ಸಂಶಿಯಲ್ಲಿ ನಾಗರತ್ನಾಳ ತಾಯಿ ಎತ್ತಿದಳು. ಪಿಸುಮಾತು.

"ಜ್ವರ ಬಂದು ಮಲಗ್ಯಾಳವಾ. ಈಗರೆ ನಿದ್ದಿಗಣ್ಣಾಗ ಪ್ರೆಸೆಂಟ್ ಸರ್ ಅಂದ್ಲು ನೋಡ. ಹುಚ್ಚಿ."

"ಎಬ್ಬಸ್ರಿ ಆಕಿನ್ನ, ಕಾಕೂ."

"ಈಗರೆ ಕಣ್ಣ ಹತ್ಯಾವ..."

"ಎಬ್ಬಸ್ರಿ."

ತಾಯಿ ಫೋನ್ ಕೆಳಗಿಟ್ಟು ಹೋದಳು. ಮಗಳನ್ನು ಕರೆಯುವುದು ಕೇಳುತ್ತಿತ್ತು. ಒಂದು ಸಲ... ಎರಡು... ಮೂರು... ಅದಾದ ಮೇಲೂ ಕರೆಯುತ್ತಲೇ ಇದ್ದಳು.

ಮರುದಿನ ಸಂಜೆ ಆಯಿ ಬಾಗಿಲಿಗೆ ಅಡ್ಡ ನಿಂತಳು. "ಹೋಗಬ್ಯಾಡ."

"ಹೋಗಾಕಿನ ನಾ."

ಕಟ್ಟೆಯ ಮೇಲೆ ಕೂತು ಮೊದಲ ಸಲ ವಿಡಿಯೋ ಹಚ್ಚಿದಳು. ಮುಖ ನೋಡಿಯೇ ಹೇಳಬೇಕಿತ್ತು. ಸರ್ ಅವಳ ಹೆಸರು ಕರೆದರು.

"ಸರ್, ಮುಂದಿನ ಹೆಸರ ಕರೀಬ್ಯಾಡ್ರಿ. ನಾಗರತ್ನಾ ನಿನ್ನೆ ರಾತ್ರಿ ತೀರಕೊಂಡ್ಲು. ಜ್ವರದಾಗೂ ನಿಮ್ಮ ಹಾಜರಿ ಹೇಳೇ ಹ್ವಾದ್ಲು. ಬರಕೋರಿ ಅದನ್ನ."

ಅಂದು ಒಂದು ಅಕ್ಷರವೂ ಒಡೆಯದೆ ಮುಟ್ಟಿತು. ಯಾರೂ ನಗಲಿಲ್ಲ.

ಸರ್ ಚಸ್ಮಾ ಏರಿಸಿಕೊಂಡು ಮೊಬೈಲಿಗೆ ಮುಖ ಹತ್ತಿರ ತಂದರು.

"ಸಾವಿನ ಮಾತಿನ್ಯಾಗ ಚ್ಯಾಷ್ಟಿ ಏನ? ನಿನ್ನ ಬಾಜೂಕ ಕುಂತಾಳಲ್ಲ ಆಕಿ. ದೂರ ದೂರ ಕುಂದರ್ರಿ ಇಬ್ಬರೂ. ಮಾಸ್ಕ್ ಹಾಕ್ಕೋರಿ."

ಮುಂದಿನ ಹೆಸರು ಕರೆದರು.

ಮಲ್ಲಿಕಾ ಬಾಜೂಕೆ ನೋಡಿದಳು. ಕಟ್ಟೆ ಬರಿದಾಗಿತ್ತು. ಪಾಠ ಕೇಳುತ್ತಿದ್ದ ಹುಡುಗರು ಮಾತ್ರ ಮೊಬೈಲಿನಲ್ಲಿ ಇಬ್ಬರನ್ನೂ ನೋಡಿದ್ದಾರೆ. ಅವರಲ್ಲೊಬ್ಬ, ಅಣ್ಣಿಗೇರಿಯ ಕಿರಣಕುಮಾರ, ಈಗಲೂ ಆಣೆ ಮಾಡಿ ಹೇಳುತ್ತಾನೆ.

ಪರೀಕ್ಷೆ ಬಂತು. ಹಾಜರಿ ಕಡಿಮೆ ಎಂದು ಮಲ್ಲಿಕಾಳನ್ನು ಕೂಡಿಸಲಿಲ್ಲ. ಅದೇ ವಾರ ಸಂಶಿಗೆ ಕಾಲೇಜಿನಿಂದ ಫೋನ್ ಹೋಯಿತು. ನಿಮ್ಮ ಮಗಳ ಹಾಜರಿ ಪೂರ್ತಿ ಇದೆ, ಇವತ್ತಿನವರೆಗೆ ಒಂದು ದಿನವೂ ತಪ್ಪಿಲ್ಲ, ಪರೀಕ್ಷೆಗೆ ಕಳಿಸಿರಿ ಎಂದರು. ಫೋನ್ ಎತ್ತಿದವನು ಮೈಲಾರಪ್ಪ, ಅವಳ ಅಪ್ಪ. ಸುಳ್ಳು ಅನಿಸಿದರೆ ಹೋಗಿ ಅವನ ಎದುರು ಕೂತು ಕೇಳಿರಿ.