ತೊಟ್ಟಿಲ ಟ್ರಸ್ಟು ಮತ್ತು ಬೀದಿಯ ಪಂಚಾಂಗ

ಒಂದು ಊರು. ಆ ಊರಿನಲ್ಲೊಬ್ಬ ಶ್ರೀಮಂತ. ಶ್ರೀಮಂತ ಅಂದ ಕೂಡಲೇ ಜಿಪುಣ ಅಂದುಕೊಂಡಿರಿ, ಅಲ್ಲವೇ? ಅಲ್ಲ ನೋಡಿ, ಇವನು ದಾನಿ. ತೊಂದರೆ ಆಗಿದ್ದೇ ಅಲ್ಲಿ!

ಸಂಘ, ಟ್ರಸ್ಟು, ಮಹಿಳಾ ಮಂಡಳಿ ನಡೆಸುವವರೇ ಇವತ್ತು ಇಲ್ಲಿ ತುಂಬಿದ್ದೀರಿ. ಅದಕ್ಕೇ ಈ ಕಥೆ ಹೇಳಲು ನನಗೆ ಇಷ್ಟು ಉತ್ಸಾಹ. ಹಿಂದೆ ಕೂತವರೂ ಮುಂದೆ ಬನ್ನಿ.

ಆ ಶ್ರೀಮಂತ ಹುಟ್ಟಿದಾಗ ಮನೆಯಲ್ಲಿ ಬಡತನ. ತಾಯಿ ಹಳೇ ಸೀರೆಯ ಜೋಲಿ ಕಟ್ಟಿ ತೂಗಿದಳು. ಸಾಯುವಾಗ ಮಗನಿಗೆ ಹೇಳಿದಳು: "ನಿನ್ನ ಮಲಗಿಸೋಕೆ ನಂಗೊಂದು ಜಾಗ ಇರ್ಲಿಲ್ಲ ಕಣಪ್ಪ. ಆ ಕಷ್ಟ ಊರಲ್ಲಿ ಯಾರಿಗೂ ಬರಬಾರ್ದು." ಮಗ ದೊಡ್ಡ ಕುಳವಾದ ಮೇಲೆ ತಾಯಿಯ ಹೆಸರಿನಲ್ಲಿ ಟ್ರಸ್ಟು ಮಾಡಿದ. ಊರಲ್ಲಿ ಮಗು ಹುಟ್ಟಿತೆಂದರೆ ನಾಮಕರಣದ ದಿನ ತೇಗದ ತೊಟ್ಟಿಲು ಆ ಮನೆ ಸೇರುತ್ತಿತ್ತು. ಮಗು ಬೆಳೆದ ಮೇಲೆ ತೊಟ್ಟಿಲು ವಾಪಸ್ಸು ಟ್ರಸ್ಟಿನ ಗೋದಾಮಿಗೆ ಬರುತ್ತಿತ್ತು. ನಾಮಕರಣದ ಮನೆಗೆ ಹೋಗಿ ತೊಟ್ಟಿಲಿಗೆ ಹೂ ಸುತ್ತಿ, ಜೋಗುಳ ಹಾಡಿ ಬರುವವಳು ಅವನ ಹೆಂಡತಿ. ಎಂಥ ಪುಣ್ಯದ ಕೆಲಸ!

ಆದರೆ ಕಾಲ ನಿಲ್ಲುತ್ತದೆಯೇ? ಮನೆ ತುಂಬ ಮಕ್ಕಳಿದ್ದದ್ದು ಮನೆಗೊಂದಕ್ಕೆ ಬಂತು. ಗೋದಾಮಿಗೆ ಬಂದ ತೊಟ್ಟಿಲು ಮತ್ತೆ ಹೊರಗೆ ಹೋಗುವುದೇ ಅಪರೂಪವಾಯಿತು. ಶ್ರೀಮಂತ ಏನು ಮಾಡಿದ? ಅವಕ್ಕೆ ಹೊಸ ಪಾಲಿಶ್ ಹೊಡೆಸಿದ!

ಯುಗಾದಿ ಬಂತು. ಅವನ ಜಗಲಿಯಲ್ಲಿ ಟ್ರಸ್ಟಿನವರೆಲ್ಲ ಸೇರಿ ಪಂಚಾಂಗ ಶ್ರವಣ. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಲಾಭ, ಯಾವ ರಾಶಿಗೆ ನಷ್ಟ, ಎಲ್ಲ ಕಿವಿಗೊಟ್ಟು ಕೇಳಿದರು. ಬೇವು-ಬೆಲ್ಲ ಹಿಡಿದು ಬಂದ ಹೆಂಡತಿ ಮೆಲ್ಲಗೆ ಹೇಳಿದಳು: "ರೀ, ಆಕಾಶದ ಪಂಚಾಂಗ ಕೇಳಿದ್ದಾಯ್ತು. ನಮ್ ಬೀದಿ ಪಂಚಾಂಗ ಕೇಳೋದು ಯಾವಾಗ? ಹೋದ್ ವರ್ಷ ನಾನು ತೊಟ್ಟಿಲು ತೂಗೋಕೆ ಹೋಗಿದ್ದಕ್ಕಿಂತ ಬಿದ್ದು ಸೊಂಟ ಮುರ್ಕೊಂಡವರನ್ನ ನೋಡೋಕೆ ಹೋಗಿದ್ದೇ ಹೆಚ್ಚು."

ಊರಿಗೇ ವಯಸ್ಸಾಗುತ್ತಿದೆ, ಇನ್ನು ಮುಂದೆ ಮಂಚ ಬೇಕು, ಗಾಲಿಕುರ್ಚಿ ಬೇಕು ಎಂದು ಬಿಡಿಸಿ ಹೇಳಿದಳು. ಶ್ರೀಮಂತನಿಗೆ ಸಿಟ್ಟು ಬಂತು. ಇದು ಅಮ್ಮನ ಹೆಸರಿನ ಟ್ರಸ್ಟು, ತೊಟ್ಟಿಲ ಟ್ರಸ್ಟು, ನಿನಗೇನು ಗೊತ್ತು ಅಂದ. ಇನ್ನಷ್ಟು ತೊಟ್ಟಿಲಿಗೆ ತೇಗ ಕೊಯ್ಯಿಸಲು ಬಡಗಿಗೆ ಹೇಳಿ ಕಳಿಸಿದ. ಟ್ರಸ್ಟಿನವರು? ಹೋಳಿಗೆ ತಿನ್ನುತ್ತ ತಲೆಯಾಡಿಸಿದರು. ನಗಬೇಡಿ, ನಿಮ್ಮ ಸಭೆಯಲ್ಲೂ ಹೀಗೇ ಅಲ್ಲವೇ?

ಆ ಮಳೆಗಾಲದಲ್ಲಿ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ತಲೆಯ ಕಡೆ ಏರಿಸಿ ಇಳಿಸುವ ಮಂಚವೇ ಆಗಬೇಕು, ಚಾಪೆಯ ಮೇಲೆ ಅಲುಗಾಡದೆ ಬಿದ್ದಿದ್ದರೆ ಬೆನ್ನು ಹುಣ್ಣಾಗಿ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಊರೆಲ್ಲ ಹುಡುಕಿದರೂ ಅಂಥ ಮಂಚ ಇಲ್ಲ; ಪೇಟೆಯಿಂದ ತರಿಸೋಣವೆಂದರೆ ಮಳೆಗೆ ದಾರಿ ಕಟ್ಟಿತ್ತು. ದಿಕ್ಕು ತೋಚದೆ ಶ್ರೀಮಂತ ನಡುಮನೆಯ ಪಕ್ಕದ ಗೋದಾಮಿನ ಬಾಗಿಲು ತೆಗೆದ. ಏನಿದೆ ಅಲ್ಲಿ? ತೊಟ್ಟಿಲು, ತೊಟ್ಟಿಲು, ಸೂರಿನ ತನಕ ತೊಟ್ಟಿಲು!

ನಡುಮನೆಯ ಚಾಪೆಯ ಮೇಲಿಂದಲೇ ಹೆಂಡತಿ ಕೇಳಿದಳು: "ಇದ್ರಲ್ಲಿ ಯಾವ್ದ್ರಲ್ಲಿ ಹಾಕಿ ನನ್ನ ತೂಗ್ತೀರಿ?"

ಶ್ರೀಮಂತ ಅಲ್ಲೇ ಕುಸಿದು ಅತ್ತುಬಿಟ್ಟ. ಅಮ್ಮ ಕೇಳಿದ್ದು ತೊಟ್ಟಿಲನ್ನೇ? ಅಲ್ಲ. ಮಲಗಿಸಲು ಜಾಗವಿಲ್ಲದ ಕಷ್ಟ ಯಾರಿಗೂ ಬರಬಾರದು ಅಂದಿದ್ದಳು. ಮಗ ಮಾತನ್ನು ಮರೆತು ಮರವನ್ನು ಹಿಡಿದುಕೊಂಡಿದ್ದ. ಕೂಡಲೇ ಬಡಗಿಯನ್ನು ಕರೆಸಿ, ತೊಟ್ಟಿಲಿಗೆಂದು ಕೊಯ್ಯಿಸಿದ ತೇಗದಲ್ಲೇ ಅಂಥ ಮಂಚ ಮಾಡಿಸಿದ. ಹೆಂಡತಿಯ ಜೀವ ಉಳಿಯಿತು.

ಮುಂದಿನ ಯುಗಾದಿ ಹೇಗಿತ್ತು ಗೊತ್ತೇ? ಪಂಚಾಂಗ ಮುಗಿದದ್ದೇ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಾನೇ ತಳ್ಳಿಕೊಂಡು ಹೊರಟ, ಹಿಂದೆ ಇಡೀ ಟ್ರಸ್ಟು! ಮುಂದಿನ ವರ್ಷಕ್ಕೆ ನಿಮಗೇನು ಬೇಕಾದೀತು ಎಂದು ಬಾಗಿಲು ಬಾಗಿಲಿಗೆ ಕೇಳಿದರು. ಊರಾಚೆಯ ಕಾರ್ಖಾನೆಯ ಶೆಡ್ಡುಗಳಿಗೂ ಹೋದರು. ದೂರದ ರಾಜ್ಯಗಳಿಂದ ದುಡಿಯಲು ಬಂದ ಜನ ಅಲ್ಲಿದ್ದರು. ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮೂರವರಲ್ಲ ಎಂದು ಯಾರೂ ತಿರುಗಿ ನೋಡಿರಲಿಲ್ಲ. ಅಲ್ಲಿ ಶೆಡ್ಡು ಶೆಡ್ಡಿನ ಕಂಬಕ್ಕೂ ಹಳೇ ಸೀರೆಯ ಜೋಲಿ, ಒಂದೊಂದರಲ್ಲೂ ಒಂದು ಕೂಸು! ಶ್ರೀಮಂತ ತನ್ನನ್ನೇ ಕಂಡಂತೆ ನಿಂತುಬಿಟ್ಟ. ಅವತ್ತೇ ಗೋದಾಮು ಖಾಲಿಯಾಯಿತು. ಹೆಂಡತಿ ಕನ್ನಡದಲ್ಲೇ ಜೋಗುಳ ಹಾಡಿದಳು. ಮಗು ಇದು ಯಾವ ಭಾಷೆ ಎಂದು ಕೇಳಲಿಲ್ಲ, ಸುಮ್ಮನೆ ಮಲಗಿತು.

ಈಗ ನಿಮ್ಮ ಸರದಿ. ವರ್ಷ ವರ್ಷ ಅದೇ ಹೊಲಿಗೆ ಯಂತ್ರ, ಅದೇ ನೋಟ್‌ಬುಕ್ಕು, ಅದೇ ಶಾಲು. ಯಾಕೆ? ಹೋದ ವರ್ಷ ಕೊಟ್ಟಿದ್ದೆವು, ಅದಕ್ಕೆ! ಊರಿಗೆ ಯಾರು ಹೊಸದಾಗಿ ಬಂದರು, ಹೆಣ್ಣುಮಕ್ಕಳು ಏನು ಓದಲು ಹೊರಟಿದ್ದಾರೆ, ಯಾರ ಮನೆಯಲ್ಲಿ ಯಾರಿಗೆ ವಯಸ್ಸಾಗುತ್ತಿದೆ, ಕೇಳಿದ್ದೀರಾ? ಮುಂದಿನ ಸಭೆ ಕರೆಯುವ ಮೊದಲು ಬೀದಿ ಸುತ್ತಿ ಬನ್ನಿ. ಸಭೆಯಲ್ಲಿ ನಿಮ್ಮ ಸಂಘಕ್ಕೆ ಸೇರದ ಒಬ್ಬರನ್ನು ಕೂರಿಸಿ, ಅವರು ಮಾತು ಮುಗಿಸುವ ತನಕ ಬಾಯಿ ತೆರೆಯಬೇಡಿ. ಕೂಡಿಟ್ಟಿದ್ದರಲ್ಲಿ ಒಂದು ಪಾಲನ್ನು ಇನ್ನೂ ಬಾರದ ಕಷ್ಟಕ್ಕೆಂದು ತೆಗೆದಿಡಿ. ಮನೆಯ ಹೆಂಗಸರು ಬೇವು-ಬೆಲ್ಲ ಹಿಡಿದು ಏನಾದರೂ ಹೇಳಿದರೆ ಮೊದಲು ಮಾತು ಕೇಳಿ, ಆಮೇಲೆ ಬೆಲ್ಲ ತಿನ್ನಿ.

ಇವತ್ತು ಮನೆಗೆ ಹೋಗಿ ನಿಮ್ಮ ಗೋದಾಮಿನ ಬಾಗಿಲು ತೆಗೆದು ನೋಡಿ. ನಾಳೆ ನಿಮ್ಮವರೇ ಬಿದ್ದರೆ, ಅವರನ್ನು ಮಲಗಿಸಲು ಅಲ್ಲಿ ಏನಿದೆ?